ಕುಮ್ಕಿ, ಕಾನ, ಕುದುರೆಮುಖ: ಒಂದು ಗಾಂಜಾ ಗಿಡಕ್ಕೂ ಜಾಗವಿಲ್ಲ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮಹನೀಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಇದು ಚಂದಾ ಕೇಳುವ ಹಾಳೆಯಲ್ಲ, ಓಟು ಕೇಳುವ ಹಾಳೆಯೂ ಅಲ್ಲ. ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಿರುವವರು, ಉಜಿರೆಯಲ್ಲಿ ಮಕ್ಕಳನ್ನು ಕಾಲೇಜಿಗೆ ಬಿಟ್ಟು ಹಿಂದಿರುಗುತ್ತಿರುವವರು, ಮೂಡುಬಿದಿರೆ ಪೇಟೆಗೆ ಸಾಮಾನಿಗೆ ಬಂದವರು ಐದು ನಿಮಿಷ ನಿಂತು ಓದಿ. ಓದಿದ ಮೇಲೆ ಬಿಸಾಡಬೇಡಿ, ಪಕ್ಕದವರಿಗೆ ಕೊಡಿ.

ವಿಷಯ ಗಾಂಜಾ. ಸೇದುವ ಹುಡುಗರ ಬಗ್ಗೆ ಭಾಷಣಗಳು ಬೇಕಾದಷ್ಟು ಆಗಿವೆ. ನಾವು ಹೇಳಹೊರಟಿರುವುದು ಗಿಡ ಬೇರೂರುವ ಜಾಗದ ಬಗ್ಗೆ.

ಲೆಕ್ಕ ಗೊತ್ತಿರುವ ಗಾಂಜಾ ವ್ಯಾಪಾರಿ ತನ್ನ ಹೆಸರಿನ ಆರ್‌ಟಿಸಿ ಇರುವ ಭೂಮಿಯಲ್ಲಿ ಬೀಜ ಹಾಕುವುದಿಲ್ಲ. ಅವನಿಗೆ ಬೇಕಾದ್ದು ಕೇಳುವವರಿಲ್ಲದ ಜಾಗ. ರಕ್ಷಿತಾರಣ್ಯದ ಒಳಗೆ ಮರ ಬಿದ್ದು ಬಿಸಿಲು ಬೀಳುವ ಒಂದು ತುಂಡು ನೆಲ, ರಾಷ್ಟ್ರೀಯ ಉದ್ಯಾನದ ಅಂಚಿನ ತೋಡಿನ ಬದಿ, ತೋಟದ ಯಜಮಾನ ವರ್ಷಕ್ಕೊಮ್ಮೆಯೂ ಹತ್ತದ ಕುಮ್ಕಿ ಗುಡ್ಡೆಯ ತಲೆ. ಸಿಕ್ಕಿಬಿದ್ದರೆ ಗಿಡ ಯಾರದ್ದೂ ಅಲ್ಲ, ಸಿಕ್ಕದಿದ್ದರೆ ಹಣ ಅವನದು. ಯಾರದ್ದೂ ಅಲ್ಲವೆಂದು ಅವನು ಲೆಕ್ಕ ಹಾಕುವ ಆ ಜಾಗ ಸರಕಾರದ್ದು, ಅಂದರೆ ನಮ್ಮದು. ಕುದುರೆಮುಖದ ಬೆಟ್ಟಗಳಲ್ಲಿ ಹುಟ್ಟುವ ನೇತ್ರಾವತಿಯ ನೀರು ಬೆಳ್ತಂಗಡಿ ದಾಟಿ, ಬಂಟ್ವಾಳದ ತುಂಬೆ ಅಣೆಕಟ್ಟಿಗೆ ಬಂದು, ಮಂಗಳೂರಿನ ನಲ್ಲಿಗಳಲ್ಲಿ ಬೀಳುತ್ತದೆ. ಆ ಬೆಟ್ಟದ ಮೈಯಲ್ಲಿ ಯಾರು ಏನು ಬೆಳೆಯುತ್ತಾರೆ ಎಂದು ಕೇಳುವ ಹಕ್ಕು ಈ ನೀರು ಕುಡಿಯುವ ಪ್ರತಿಯೊಬ್ಬನಿಗೂ ಇದೆ.

"ನಮ್ಮ ಕಡೆ ಅಂಥದ್ದೆಲ್ಲ ಇಲ್ಲ ಮಾರಾಯ್ರೆ" ಅನ್ನುವವರು ಸ್ವಲ್ಪ ತೆಂಕಣಕ್ಕೆ ನೋಡಿ. ನಮ್ಮದೇ ಸಹ್ಯಾದ್ರಿಯ ಮುಂದುವರಿಕೆಯಾದ ಇಡುಕ್ಕಿಯ ಮಲೆಗಳು ಒಂದು ಕಾಲಕ್ಕೆ ಗಾಂಜಾಕ್ಕೆ ದೇಶದಾಚೆಗೂ ಹೆಸರಾಗಿದ್ದವು. ಪೊಲೀಸ್, ಅರಣ್ಯ, ಅಬಕಾರಿ ಇಲಾಖೆಗಳು ಕಾಡು ಹತ್ತಿ ವರ್ಷಗಟ್ಟಲೆ ಕಿತ್ತ ಮೇಲೆ ಅಲ್ಲಿ ತಗ್ಗಿತು. ಅಟ್ಟಪ್ಪಾಡಿಯ ಕಾಡುಗಳಲ್ಲಿ ಕೀಳುವ ಕೆಲಸ ಇನ್ನೂ ಮುಗಿದಿಲ್ಲ. ನಮ್ಮ ರಾಜ್ಯದಲ್ಲೇ ಹನೂರು ತಾಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ, ಬೇರೆ ಬೆಳೆಯ ಮರೆಯಲ್ಲಿ ಬೆಳೆದ ಗಾಂಜಾ ಮತ್ತೆ ಮತ್ತೆ ಸಿಕ್ಕಿದೆ. 2020ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಎಕರೆಗಟ್ಟಲೆ ಗಾಂಜಾ ಹೊಲವೇ ಪತ್ತೆಯಾಯಿತು. ಅದೇ ತಿಂಗಳು ಕಲಬುರಗಿ ಜಿಲ್ಲೆಯ ಒಂದು ಕುರಿ ಸಾಕಣೆ ಕೇಂದ್ರದಲ್ಲಿ ಬೆಂಗಳೂರು ಪೊಲೀಸರು 1,200 ಕಿಲೋಗಿಂತ ಹೆಚ್ಚು ಒಣ ಗಾಂಜಾ ಹಿಡಿದರು. ಅದು ಒಡಿಶಾದಿಂದ ಬಂದ ಮಾಲು.

ಒಡಿಶಾದ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. ದಕ್ಷಿಣ ಭಾರತದಲ್ಲಿ ಸಿಕ್ಕಿಬೀಳುವ ಗಾಂಜಾದ ಬಹುಪಾಲು ಆಂಧ್ರ-ಒಡಿಶಾ ಗಡಿಯ ಬೆಟ್ಟಗಳದ್ದು. 2021ರ ಕೊನೆಗೆ ಆಂಧ್ರ ಪೊಲೀಸರು 'ಪರಿವರ್ತನ' ಎಂಬ ಕಾರ್ಯಾಚರಣೆಯಲ್ಲಿ ಅಲ್ಲಿ ಸಾವಿರಾರು ಎಕರೆ ಗಾಂಜಾ ಕಿತ್ತುಹಾಕಿದರು. 2022ರ ಫೆಬ್ರವರಿ 12ರಂದು ಅನಕಾಪಲ್ಲಿಯ ಹತ್ತಿರ ಸುಮಾರು ಎರಡು ಲಕ್ಷ ಕಿಲೋ ಗಾಂಜಾಕ್ಕೆ ಒಂದೇ ದಿನ ಬೆಂಕಿ ಇಟ್ಟರು. ಹಾಗಾದರೆ ವ್ಯಾಪಾರ ನಿಂತಿತೇ? ಬೇಡಿಕೆ ಇರುವಷ್ಟು ದಿನ ಒಂದು ಕಡೆ ಕಿತ್ತ ಬೆಳೆ ಇನ್ನೊಂದು ಕಡೆ ಜಾಗ ಹುಡುಕುತ್ತದೆ. ಬೇಡಿಕೆ ಎಲ್ಲಿದೆ ಎಂದು ನಮಗೆ ಬೇರೆಯವರು ಹೇಳಬೇಕಿಲ್ಲ. ಕಾಲೇಜು, ಹಾಸ್ಟೆಲು, ಬಾಡಿಗೆ ಕೋಣೆಗಳಿಂದ ತುಂಬಿದ ಜಿಲ್ಲೆ ನಮ್ಮದು. 2023ರ ಜನವರಿಯಲ್ಲಿ ಮಂಗಳೂರಿನ ಗಾಂಜಾ ಪ್ರಕರಣವೊಂದರಲ್ಲಿ ವೈದ್ಯ ವಿದ್ಯಾರ್ಥಿಗಳೂ ವೈದ್ಯರೂ ಬಂಧಿತರಾದದ್ದನ್ನು ಎಲ್ಲರೂ ಪತ್ರಿಕೆಯಲ್ಲಿ ಓದಿದ್ದೇವೆ. ಅದೇ ವರ್ಷ ಜೂನಿನಲ್ಲಿ ಶಿವಮೊಗ್ಗದಲ್ಲಿ ವಿದ್ಯಾರ್ಥಿಗಳು ಬಾಡಿಗೆ ಮನೆಯ ಒಳಗೇ ದೀಪ ಉರಿಸಿ ಗಾಂಜಾ ಬೆಳೆಸುತ್ತಿದ್ದರು. ಬೀದಿಯವರು ಪತ್ರಿಕೆ ನೋಡಿ ಬಾಯಿಗೆ ಬೆರಳಿಟ್ಟರು.

ಪೇಟೆಯ ಕೋಣೆಯೊಳಗೇ ಬೆಳೆಯುವವನಿಗೆ ಬಿಸಿಲು, ನೀರು ಎರಡೂ ಪುಕ್ಕಟೆ ಸಿಗುವ ಗುಡ್ಡೆ ಕಣ್ಣಿಗೆ ಬೀಳುವುದಿಲ್ಲವೇ?

ನಮ್ಮ ಗುಡ್ಡೆಗಳ ವಿಸ್ತಾರ ನೋಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿಲೋಮೀಟರ್. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರು ಜಿಲ್ಲೆಗೆ ಹರಡಿದೆ. 1987ರಲ್ಲಿ ಘೋಷಣೆ, 2001ರಲ್ಲಿ ಅಂತಿಮ ಅಧಿಸೂಚನೆ. ನಾರಾವಿ, ಕುತ್ಲೂರು, ಸವಣಾಲು, ಮಲವಂತಿಗೆ, ಎಳನೀರು ಕಡೆಯವರಿಗೆ ಉದ್ಯಾನವೆಂದರೆ ಭೂಪಟದ ಮೇಲಿನ ಹಸಿರು ಬಣ್ಣವಲ್ಲ, ಮನೆಯ ಹಿತ್ತಿಲು. 2012ರಲ್ಲಿ ಯುನೆಸ್ಕೊ ಇದನ್ನೂ ಸೇರಿಸಿ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಸಿಂಗಳೀಕ ಬದುಕಿರುವ ಕಾಡು ಇದು. ಇದರ ಕೆಳಗೆ ಚಾರ್ಮಾಡಿಯಿಂದ ವೇಣೂರು, ಮೂಡುಬಿದಿರೆಯ ವರೆಗೆ ರಕ್ಷಿತಾರಣ್ಯದ ತುಂಡುಗಳು, ಅವುಗಳ ನಡುನಡುವೆ ಡೀಮ್ಡ್ ಫಾರೆಸ್ಟು, ಕುಮ್ಕಿ, ಕಾನ. ಇಷ್ಟನ್ನೂ ಬೆರಳೆಣಿಕೆಯ ಗಾರ್ಡುಗಳು ಕಾಯಬೇಕು.

ಗಾಂಜಾ ಗಿಡ ಕಾಡಿಗೆ ಏನು ಮಾಡುತ್ತದೆ, ಅದೂ ಒಂದು ಸೊಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಗಿಡ ಮಾಡುವುದು ಕಡಿಮೆ, ಅದರ ಹಿಂದೆ ಬರುವವನು ಮಾಡುವುದು ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರಕಾರಿ ಕಾಡುಗಳ ಒಳಗೆ, ಸಿಕ್ವೋಯಾ ರಾಷ್ಟ್ರೀಯ ಉದ್ಯಾನದಲ್ಲೂ, ಕಳ್ಳ ಗಾಂಜಾ ತೋಟಗಳು ಎದ್ದವು. ಬೆಳೆದವರು ತೊರೆಗೆ ಅಡ್ಡ ಕಟ್ಟಿ ಮೈಲುಗಟ್ಟಲೆ ಪೈಪು ಎಳೆದರು, ಸಸಿ ಕಡಿಯುವ ಇಲಿಗಳಿಗೆ ಪಾಷಾಣ ಇಟ್ಟರು. ಅಲ್ಲಿ ಫಿಶರ್ ಎಂಬ ಒಂದು ಮಾಂಸಾಹಾರಿ ಕಾಡುಪ್ರಾಣಿ ಇದೆ, ಗಾತ್ರದಲ್ಲಿ ಬೆಕ್ಕಿನಷ್ಟು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸತ್ತ 58 ಫಿಶರ್‌ಗಳನ್ನು ಪರೀಕ್ಷಿಸಿದಾಗ ಶೇಕಡಾ 79ರ ದೇಹದಲ್ಲಿ ಇಲಿಪಾಷಾಣದ ಅಂಶ ಸಿಕ್ಕಿತು. ಜೊತೆಗೆ ಕಾರ್ಬೊಫ್ಯುರಾನ್ ಎಂಬ ವಿಷವೂ ಆ ತೋಟಗಳಲ್ಲಿ ಸಿಕ್ಕಿತು. ಅದನ್ನೇ ಫ್ಯೂರಡಾನ್ ಹರಳಿನ ರೂಪದಲ್ಲಿ ಬಾಳೆಗೆ ಹಾಕಿದವರಿಗೆ ಅದು ಏನೆಂದು ಗೊತ್ತು. ಅಂಥ ಒಂದು ಮುಷ್ಟಿ ನೇತ್ರಾವತಿಯ ಮೇಲಿನ ತೋಡಿಗೆ ಬಿದ್ದರೆ ಕೆಳಗಿನ ಮೀನು ಏನಾಗುತ್ತದೆ ಎಂದೂ ಗೊತ್ತು.

ಈಗ ಕಾನೂನು. ಬೇಸರ ಬೇಡ, ಇಲ್ಲಿ ನಿಮ್ಮ ತೋಟದ ಮಾತಿದೆ. 1985ರ ಮಾದಕ ದ್ರವ್ಯ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಎನ್‌ಡಿಪಿಎಸ್, ಗಾಂಜಾ ಬೆಳೆದವನಿಗೆ 10 ವರ್ಷದ ವರೆಗೆ ಕಠಿಣ ಸಜೆ, ಒಂದು ಲಕ್ಷದ ವರೆಗೆ ದಂಡ ಹೇಳುತ್ತದೆ. ಎಷ್ಟು ಕಿಲೋ ಎಂಬ ತಕರಾರು ಗಾಂಜಾ ಇಟ್ಟುಕೊಂಡವನಿಗೆ, ಮಾರಿದವನಿಗೆ. ಬೆಳೆದವನಿಗೆ ಆ ತೂಕದ ವಿನಾಯಿತಿ ಇಲ್ಲ. ಇದೇ ಕಾಯ್ದೆಯ 46ನೇ ಸೆಕ್ಷನ್ ಹೆಚ್ಚಿನವರಿಗೆ ಗೊತ್ತಿಲ್ಲ. ತನ್ನ ಭೂಮಿಯಲ್ಲಿ ಅಕ್ರಮವಾಗಿ ಗಾಂಜಾ ಬೆಳೆದಿದೆ ಎಂದು ತಿಳಿದ ಕೂಡಲೇ ಭೂಮಿಯ ಹಕ್ಕುದಾರ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದೇ ಅಪರಾಧ. ನಿಮ್ಮ ರಬ್ಬರ್ ತೋಟ ಲೀಸಿಗೆ ಹೋಗಿದೆಯೇ? ಅಡಿಕೆ ತೋಟವನ್ನು ಆಳಿನ ಮೇಲೆ ಬಿಟ್ಟು ಮುಂಬಯಿಯಲ್ಲೋ ದುಬೈಯಲ್ಲೋ ಇದ್ದೀರಾ? ಮನೆಗೆ ಬಂದಾಗ ಅಂಗಳದಿಂದ ಕೈ ತೋರಿಸಿ ತೋಟ ನೋಡಿದ್ದು ಸಾಕು, ಗಡಿ ಸುತ್ತಿ ಬನ್ನಿ. ಯಾಕೆಂದರೆ ಒಬ್ಬ ಕೃಷಿ ಮಾಡಿದ ನೆಲದಲ್ಲಿ ಗಾಂಜಾ ಗಿಡ ನಿಂತಿದ್ದರೆ ಅದು ತನ್ನದಲ್ಲ ಎಂದು ತೋರಿಸುವ ಹೊಣೆಯನ್ನು 54ನೇ ಸೆಕ್ಷನ್ ಅವನ ಮೇಲೇ ಹೊರಿಸಬಲ್ಲದು. ಕುಮ್ಕಿಯ ಸೊಪ್ಪು, ತರಗೆಲೆ, ಕಟ್ಟಿಗೆಗೆ ಸವಲತ್ತು ನಮ್ಮದು, ನೆಲ ಸರಕಾರದ್ದು ಎಂದು ಹೇಳಿ ಅಲ್ಲಿ ಕಂಡದ್ದಕ್ಕೆ ಕಣ್ಣು ಮುಚ್ಚುವುದೂ ಬುದ್ಧಿವಂತಿಕೆಯಲ್ಲ.

47ನೇ ಸೆಕ್ಷನ್ ಇನ್ನೂ ಖಾರ. ಸರಕಾರಿ ಅಧಿಕಾರಿ, ಪಂಚಾಯತ್‌ನವರು, ಗ್ರಾಮಮಟ್ಟದ ಯಾವುದೇ ಅಧಿಕಾರಿ, ಗಾಂಜಾ ಬೆಳೆದದ್ದು ತಿಳಿದರೆ ಕೂಡಲೇ ತಿಳಿಸಬೇಕು. ತಿಳಿಸದೆ ಇದ್ದರೆ ಆರು ತಿಂಗಳ ವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ನಿಮ್ಮ ವಾರ್ಡಿನ ಮೆಂಬರಿಗೆ ಈ ಸಾಲನ್ನು ದಯವಿಟ್ಟು ಗೆರೆ ಎಳೆದು ಕೊಡಿ. ರಾಷ್ಟ್ರೀಯ ಉದ್ಯಾನದೊಳಗಾದರೆ 1972ರ ವನ್ಯಜೀವಿ ಕಾಯ್ದೆ, ರಕ್ಷಿತಾರಣ್ಯದಲ್ಲಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ, ಮೇಲಿಂದ ಮೇಲೆ ಬೀಳುತ್ತವೆ. ಬೇಲಿ ವರ್ಷಕ್ಕೊಂದು ಮೊಳ ಗುಡ್ಡೆಯ ಕಡೆಗೆ ನಡೆಯುವ ಊರುಗಳು ನಮ್ಮವು, ನಿಜ. ಆದರೆ ಈ ಬೆಳೆಗೆ ಯಾವ ಅಕ್ರಮ-ಸಕ್ರಮದಲ್ಲೂ ಅರ್ಜಿ ನಮೂನೆ ಇಲ್ಲ.

ಗಾಂಜಾವನ್ನು ಕಾನೂನುಬದ್ಧ ಮಾಡಬೇಕು ಎಂದು ವಾದಿಸುವವರೂ ನಮ್ಮಲ್ಲಿದ್ದಾರೆ. ಉತ್ತರಾಖಂಡದಲ್ಲಿ ನಾರಿಗಾಗಿ ಲೈಸೆನ್ಸಿನ ಮೇಲೆ ಬೆಳೆಯುತ್ತಾರೆ, ಥಾಯ್ಲೆಂಡ್ 2022ರಲ್ಲಿ ನಿಷೇಧ ಸಡಿಲಿಸಿತು ಎಂದು ಲೆಕ್ಕ ಕೊಡುತ್ತಾರೆ. ವಾದ ಮಾಡಲಿ, ಅದಕ್ಕೆ ವಿಧಾನಸೌಧ ಇದೆ, ಸಂಸತ್ತು ಇದೆ. ನಾಳೆ ಕಾನೂನೇ ಬದಲಾದರೂ ಬೆಳೆಯಬೇಕಾದದ್ದು ಅವರವರ ವರ್ಗ ಜಾಗದಲ್ಲಿ, ಸಿಂಗಳೀಕದ ಕಾಡಿನಲ್ಲಿ ಅಲ್ಲ.

ಈಗ ಸ್ವಲ್ಪ ಕಟು ಮಾತು. ಈ ಕರಪತ್ರವನ್ನು ಹಿಡಿದು ಕಾಡೊಳಗಿನ ಮಲೆಕುಡಿಯರ ಮನೆಬಾಗಿಲಿಗೆ ಯಾರೂ ಹೋಗಬಾರದು. ಆಂಧ್ರದ ಬೆಟ್ಟಗಳಲ್ಲಿ ಆದದ್ದು ನೆನಪಿರಲಿ: ಬೀಜ, ಮುಂಗಡ ಹಣ ಕೊಟ್ಟದ್ದು ಹೊರಗಿನ ದಲ್ಲಾಳಿ, ಜೈಲಿಗೆ ಹೋದದ್ದು ಗುಡ್ಡೆಯ ಬಡವ. ನಮ್ಮ ಕುತ್ಲೂರಿನದೇ ನೆನಪಿದೆ. ಅಲ್ಲಿನ ಮಲೆಕುಡಿಯ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನು, ಅವನ ತಂದೆಯನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಿದರು. 2021ರಲ್ಲಿ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ನಡುವಿನ ಒಂಬತ್ತು ವರ್ಷ ಯಾರು ತಿರುಗಿ ಕೊಡುತ್ತಾರೆ? ಕಾಡಿನಲ್ಲಿ ಹೊಸ ಕಾಲುದಾರಿ ಬಿದ್ದರೆ ಮೊದಲು ಗೊತ್ತಾಗುವುದು ಆ ಮನೆಗಳವರಿಗೆ. ಅವರು ಧೈರ್ಯವಾಗಿ ಹೇಳುವಂತಾದರೆ ಈ ಕೆಲಸ ಅರ್ಧ ಮುಗಿದ ಹಾಗೆ. ಅವರನ್ನೇ ಸಂಶಯಿಸಿದರೆ ನಮ್ಮ ಕಣ್ಣನ್ನು ನಾವೇ ಕಿತ್ತ ಹಾಗೆ.

ಇನ್ನೊಂದು. ಕಾರು ತಡೆದು ಹೆಸರು ಕೇಳುವುದು, ಬ್ಯಾಗು ತಡಕುವುದು, ಜಾತಿ ಧರ್ಮ ನೋಡಿ ಕೈ ಎತ್ತುವುದು, ಅದನ್ನು ವೀಡಿಯೊ ಮಾಡಿ ಹಂಚುವುದು: ಈ ಜಿಲ್ಲೆ ಇಂಥದ್ದನ್ನು ಸಾಕಷ್ಟು ಕಂಡಿದೆ. ಗಾಂಜಾದ ಹೆಸರಿನಲ್ಲಿ ಅದಕ್ಕೆ ಹೊಸ ಬಾಗಿಲು ತೆರೆಯಲು ಹೊರಟವರು ಈ ಹಾಳೆಯನ್ನು ಇಲ್ಲೇ ಹರಿದು ಹಾಕಲಿ. ಗದ್ದೆ ತಕರಾರಿಗೆ, ದಾರಿ ತಕರಾರಿಗೆ ನೆರೆಯವನ ಮೇಲೆ ಸುಳ್ಳು ದೂರು ಕೊಡುವ ಯೋಚನೆ ಇದ್ದವರಿಗೂ ಒಂದು ಮಾತು: ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟು ಒಬ್ಬನನ್ನು ಸಿಕ್ಕಿಸಿದರೆ 58ನೇ ಸೆಕ್ಷನ್ನಿನಲ್ಲಿ ಎರಡು ವರ್ಷದ ವರೆಗೆ ಸಜೆ ಇದೆ.

ಏನನ್ನು ನೋಡಬೇಕು?

ಗಿಡವನ್ನು ಸರಿಯಾಗಿ ಗುರುತಿಸಿ. ಗಾಂಜಾದ ಎಲೆ ಒಂದೇ ಬುಡದಿಂದ ಐದು, ಏಳು, ಕೆಲವೊಮ್ಮೆ ಒಂಬತ್ತು ಉದ್ದನೆಯ ಬೆರಳಾಗಿ ಬಿಚ್ಚಿಕೊಂಡಿರುತ್ತದೆ. ಪ್ರತಿ ಬೆರಳಿನ ಅಂಚಿಗೂ ಗರಗಸದ ಹಲ್ಲು. ಮರಗೆಣಸಿನ ಎಲೆಯೂ ಕೈಬೆರಳಿನ ಹಾಗೆಯೇ ಇರುತ್ತದೆ, ಆದರೆ ಅದರ ಅಂಚು ನುಣುಪು, ಕಾಂಡದ ತುಂಬ ಉದುರಿದ ಎಲೆಯ ಗಂಟುಗಳು. ಚೆಂಡುಹೂವಿನ ಎಲೆಗೆ ಹಲ್ಲಿದ್ದರೂ ಸಣ್ಣ ಎಸಳುಗಳು ಕಡ್ಡಿಯ ಎರಡು ಬದಿಗೆ ಸಾಲಾಗಿ ಬರುತ್ತವೆ. ಯಾರದೋ ಮರಗೆಣಸಿನ ಪಾತಿಗೆ ಪೊಲೀಸ್ ಜೀಪು ತರಿಸಿ ಊರಿನ ನಗೆಗೆ ಈಡಾಗಬೇಡಿ.

ಮಳೆ ಹಿಡಿದಾಗ ಹುಟ್ಟುವ ಗಿಡ, ಹಗಲು ಗಿಡ್ಡವಾಗುವ ಸೆಪ್ಟೆಂಬರಿನಿಂದ ನವೆಂಬರಿನ ಒಳಗೆ ತೆನೆ ಕಟ್ಟುತ್ತದೆ. ಆಗ ಅದರ ಘಾಟು ವಾಸನೆ ಗಾಳಿಯಲ್ಲಿ ದೂರದ ವರೆಗೆ ಬರುತ್ತದೆ. ನಮ್ಮಲ್ಲಿ ಅಡಿಕೆಗೆ ಕೊನೆಯ ಮದ್ದು ಬಿಡುವುದೂ, ಮೊದಲ ಕೊಯ್ಲಿಗೆ ಮರ ಹತ್ತುವುದೂ ಆ ಹೊತ್ತಿಗೇ. ನೆಲದಲ್ಲಿ ನಿಂತ ಯಜಮಾನನಿಗೆ ಕಾಣದ್ದು ಮರದ ತುದಿಯಲ್ಲಿರುವವನಿಗೆ ಕಾಣುತ್ತದೆ: ಹಾಡಿಯ ನಡುವೆ ಹೊಸದಾಗಿ ಬಿದ್ದ ಬೆಳಕು, ಕಡಿದ ಪೊದೆಯ ಒಣ ಕಂದು ಬಣ್ಣ, ನೀಲಿ ಟಾರ್ಪಾಲಿನ ಮೂಲೆ. ಮದ್ದು ಬಿಡುವ, ಕೊನೆ ತೆಗೆಯುವ ಅಣ್ಣಂದಿರೇ, ಈ ಕರಪತ್ರ ಮೊದಲು ನಿಮಗೆ. ಕೊನೆಯ ಮನೆ ದಾಟಿದ ಮೇಲೂ ತೋಡಿನಿಂದ ಮೇಲಕ್ಕೆ ಹೋದ ಕಪ್ಪು ಪೈಪು, ಕಾಡಿನಲ್ಲಿ ಗ್ರೋ ಬ್ಯಾಗು, ಯೂರಿಯಾದ ಖಾಲಿ ಚೀಲ, ದನ ನಡೆಯದ ಕಡೆ ಸವೆದ ದಾರಿ, ಇವನ್ನು ತರಗೆಲೆ ತರಲು ಹೋಗುವ ಅಕ್ಕಂದಿರು ಗಮನಿಸಿ.

ಕಂಡರೆ ಏನು ಮಾಡಬೇಕು? ಹತ್ತಿರ ಹೋಗಬೇಡಿ. ಗಿಡ ಕಿತ್ತು ಸಾಕ್ಷಿಗೆಂದು ಠಾಣೆಗೆ ಒಯ್ಯಬೇಡಿ. ದಾರಿಯಲ್ಲಿ ಅದು ನಿಮ್ಮ ಕೈಯಲ್ಲಿರುವ ಗಾಂಜಾ, ಮಹಜರಾಗದೆ ಕಿತ್ತ ಗಿಡದಿಂದ ಕೇಸೂ ಬಿದ್ದುಹೋಗುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಬೇಡಿ, ನೆಟ್ಟವನೂ ಆ ಗುಂಪಿನಲ್ಲಿರಬಹುದು. ಫೋನಿನಲ್ಲಿ ಜಾಗದ ಲೊಕೇಶನ್ ಉಳಿಸಿಕೊಂಡು ಸದ್ದಿಲ್ಲದೆ ಇಳಿದು ಬನ್ನಿ. 1933ಕ್ಕೆ ಕರೆ ಮಾಡಿ. 2024ರ ಜುಲೈಯಲ್ಲಿ ಕೇಂದ್ರ ಸರಕಾರ ಶುರು ಮಾಡಿದ ಮಾದಕ ದ್ರವ್ಯ ಸಹಾಯವಾಣಿ ಅದು. ಪೊಲೀಸರಿಗೆ 112, ಅರಣ್ಯ ಇಲಾಖೆಗೆ 1926. ಮಾಹಿತಿ ಎಲ್ಲಿಂದ ಬಂತು ಎಂದು ಬಾಯಿಬಿಡುವಂತೆ ಅಧಿಕಾರಿಯನ್ನು ಯಾರೂ ಒತ್ತಾಯಿಸುವಂತಿಲ್ಲ ಎಂದು 68ನೇ ಸೆಕ್ಷನ್ ಹೇಳುತ್ತದೆ.

ಇಲ್ಲೊಂದು ತಮಾಷೆ ಇದೆ. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ಜಿಲ್ಲಾ ಎಸ್ಪಿಯವರ ಕೆಳಗೆ. ಮೂಡುಬಿದಿರೆ ಠಾಣೆ ಮಂಗಳೂರು ಕಮಿಷನರ ಕೆಳಗೆ. ಬೆಳ್ತಂಗಡಿ ಅರಣ್ಯ ವಲಯ ಮಂಗಳೂರು ವಿಭಾಗಕ್ಕೆ, ವೇಣೂರು, ಮೂಡುಬಿದಿರೆ ವಲಯಗಳು ಕುಂದಾಪುರ ವಿಭಾಗಕ್ಕೆ, ರಾಷ್ಟ್ರೀಯ ಉದ್ಯಾನ ಕಾರ್ಕಳದಲ್ಲಿರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ. ಜೊತೆಗೆ ಅಬಕಾರಿ, ಕಂದಾಯ. ಒಂದೇ ಗುಡ್ಡೆಯ ಆ ಇಳಿಜಾರು ಒಬ್ಬರದು, ಈ ಇಳಿಜಾರು ಇನ್ನೊಬ್ಬರದು. "ಅದು ನಮ್ಮ ಲಿಮಿಟ್ಟಿಗೆ ಬರುವುದಿಲ್ಲ" ಎಂಬ ಉತ್ತರಕ್ಕೆ ಇದಕ್ಕಿಂತ ಫಲವತ್ತಾದ ಭೂಮಿ ಬೇಕೇ? ಗಾಂಜಾದವನಿಗೆ ಲಿಮಿಟ್ಟಿಲ್ಲ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಎಲ್ಲ ಇಲಾಖೆಗಳೂ ಕೂರುವ ಎನ್‌ಕಾರ್ಡ್ ಸಮಿತಿ ಇದೆ. ಆ ಸಮಿತಿಯಲ್ಲಿ ಹಾಸ್ಟೆಲು, ಪೇಟೆಗಳ ಜೊತೆಗೆ ಕಾಡಂಚಿನ ಗ್ರಾಮಗಳ ಪಟ್ಟಿಯನ್ನೂ ಎದುರಿಟ್ಟು, ಮಳೆ ಬಿಟ್ಟ ಕೂಡಲೇ ಜಂಟಿ ತಪಾಸಣೆ ಮಾಡಬೇಕು. ಇದು ನಮ್ಮ ಬೇಡಿಕೆ.

ಮನೆಯಲ್ಲಿ ಮಗನ ಕಿಸೆಯಲ್ಲಿ ಪೊಟ್ಟಣ ಸಿಕ್ಕಿ ರಾತ್ರಿ ನಿದ್ದೆ ಬಿಟ್ಟಿರುವ ಅಮ್ಮಂದಿರಿಗೆ: ಮುಚ್ಚಿಡಬೇಡಿ, ಹೊಡೆಯಲೂ ಬೇಡಿ. ಅಲ್ಪ ಪ್ರಮಾಣದ ಅಥವಾ ಸೇವನೆಯ ಪ್ರಕರಣದಲ್ಲಿ, ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದು ಪೂರ್ತಿ ಮುಗಿಸಿದರೆ 64ಎ ಸೆಕ್ಷನ್ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 14446 ವ್ಯಸನಮುಕ್ತಿಯ ಉಚಿತ ಸಹಾಯವಾಣಿ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಕುಡಿತ ಬಿಡಿಸುವ ಶಿಬಿರಗಳನ್ನು ಊರೂರಿನಲ್ಲಿ ನಡೆಸಿ ಸಾವಿರಾರು ಮನೆ ಉಳಿಸಿದ ಜಿಲ್ಲೆ ಇದು. ಗಾಂಜಾದ ಹುಡುಗನಿಗೂ ಅದೇ ಮರ್ಯಾದೆಯ ಬಾಗಿಲು ತೆರೆದಿರಲಿ.

ಇಷ್ಟೆಲ್ಲ ಆಗುವ ಹೋಗುವ ಕೆಲಸವಾ ಎಂದು ಕೇಳುವವರು ಕುದುರೆಮುಖದ ಗಣಿಯನ್ನು ನೆನಪಿಸಿಕೊಳ್ಳಿ. ಕೇಂದ್ರ ಸರಕಾರದ್ದೇ ಕಂಪನಿ, ದಶಕಗಳ ಗಣಿಗಾರಿಕೆ, ಸಾವಿರಾರು ಉದ್ಯೋಗ. ಘಟ್ಟದ ಮೇಲಿನ, ಕೆಳಗಿನ ಜನ ಹಾಳೆ ಹಂಚಿದರು, ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಅಷ್ಟು ದೊಡ್ಡ ಯಂತ್ರವನ್ನು ನಿಲ್ಲಿಸಿದ ಜನಕ್ಕೆ ಕತ್ತಲಲ್ಲಿ ಬೀಜ ಬಿತ್ತುವವನು ಯಾವ ಲೆಕ್ಕ?

ಈಗ ಮಾಡಬೇಕಾದದ್ದು ಒಂದೇ ಕೆಲಸ. ಮುಂದಿನ ಗ್ರಾಮಸಭೆಗೆ ಹೋಗಿ. ಬಂಟ್ವಾಳ, ಮೂಡುಬಿದಿರೆ ಪುರಸಭೆ, ಬೆಳ್ತಂಗಡಿ ಪಟ್ಟಣ ಪಂಚಾಯತ್‌ನವರು ನಿಮ್ಮ ವಾರ್ಡಿನ ಸದಸ್ಯರನ್ನು ಹಿಡಿಯಿರಿ. ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ನಮ್ಮ ಗ್ರಾಮದ ರಕ್ಷಿತಾರಣ್ಯ, ಕುಮ್ಕಿ, ಸರಕಾರಿ ಜಾಗದ ತಪಾಸಣೆ ಕೊನೆಗೆ ನಡೆದದ್ದು ಯಾವಾಗ? ಬೀಟ್ ಗಾರ್ಡ್ ಯಾರು, ಅವರ ನಂಬರು ಪಂಚಾಯತ್ ಗೋಡೆಯ ಮೇಲೆ ಯಾಕಿಲ್ಲ? 47ನೇ ಸೆಕ್ಷನ್ ಪ್ರಕಾರ ಮಾಹಿತಿ ಕೊಡುವ ಹೊಣೆ ಪಂಚಾಯತ್‌ನಲ್ಲಿ ಯಾರು ಹೊತ್ತಿದ್ದಾರೆ? ಪ್ರಶ್ನೆಯನ್ನೂ ಉತ್ತರವನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿಸಿ. ಅರ್ಜಿ ಕೊಟ್ಟರೆ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮೊಹರು, ತಾರೀಕು ಹಾಕಿಸಿಕೊಳ್ಳಿ. "ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ" ಎಂದರೆ ನಾಳೆ ಹೋಗಬೇಡಿ. ಅದೇ ದಿನ ಅಂಚೆ ಕಚೇರಿಗೆ ನಡೆದು, ಪಿಡಿಒ, ತಹಸೀಲ್ದಾರ್, ವಲಯ ಅರಣ್ಯಾಧಿಕಾರಿ ಮೂವರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಶೀದಿ ಇಟ್ಟುಕೊಳ್ಳಿ.

ಇಂತಿ,
ಮೂರು ತಾಲೂಕುಗಳ ಕೃಷಿಕರು, ಕೂಲಿ ಕಾರ್ಮಿಕರು, ಅಧ್ಯಾಪಕರು ಮತ್ತು ಹೆತ್ತವರು